ಕೂಕಟ್‌ಪಲ್ಲಿಯ ಪಿಜ್ಜಾ ಲೆಕ್ಕ: ಚೈನ್ ಅಂಗಡಿ ಯಾವಾಗ, ಗಲ್ಲಿ ಅಂಗಡಿ ಯಾವಾಗ?

ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಜೋಡಿಸಿ ಬರೆದಿದ್ದೀನಿ. ಲೆಕ್ಕದ ಭಾಗವನ್ನ ಅಲ್ಲಿ ಗಡಿಬಿಡಿಯಲ್ಲಿ ಓಡಿಸಿಬಿಟ್ಟೆ, ಇಲ್ಲಿ ನಿಧಾನವಾಗಿ ನೋಡೋಣ. ಮೊದಲೇ ಹೇಳಿಬಿಡ್ತೀನಿ, ಇದು "ಚೈನ್ ಕೆಟ್ಟದ್ದು, ಲೋಕಲ್ ಒಳ್ಳೇದು" ಅನ್ನೋ ಮಾತಲ್ಲ. ಅಷ್ಟೇ ಆಗಿದ್ರೆ ಎರಡು ನಿಮಿಷದಲ್ಲಿ ಮುಗೀತಿತ್ತು. ನಾನೇ ಮಾಡಿದ ಒಂದು ತಪ್ಪಿನಿಂದ ಶುರುವಾದ ವಿಷಯ ಇದು.

ನಾನಿರೋದು ಕೂಕಟ್‌ಪಲ್ಲಿ, ಕೆಪಿಎಚ್‌ಬಿ ಕಾಲೋನಿ. ಹೈಟೆಕ್ ಸಿಟಿಯಲ್ಲಿ ಕೆಲಸ ಮಾಡೋ ನಮ್ಮವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ, ಲಿಫ್ಟ್‌ನಲ್ಲಿ "ಊಟ ಆಯ್ತಾ" ಅಂತ ಕೇಳಿಸಿದ ತಕ್ಷಣ ಗೊತ್ತಾಗುತ್ತೆ. ಹೋದ ವರ್ಷ ಮಗಳ ಹುಟ್ಟುಹಬ್ಬ. ಶನಿವಾರ ಸಂಜೆ. ಅಪಾರ್ಟ್‌ಮೆಂಟಿನ ಹದಿನಾರು ಮಕ್ಕಳು, ಅವರ ಅಪ್ಪ ಅಮ್ಮಂದಿರು. ಹೆಂಡತಿ ಹೇಳಿದಳು, "ಸುಮ್ನೆ ಚೈನ್‌ನಲ್ಲಿ ಹಾಕ್ರಿ, ಟೈಮಿಗೆ ಬರುತ್ತೆ." ನಾನು ಕೇಳಲಿಲ್ಲ. ನಮ್ಮ ಗಲ್ಲಿಯ ಕೊನೆಯಲ್ಲಿ ಒಂದು ಸಣ್ಣ ಪಿಜ್ಜಾ ಅಂಗಡಿ ಇದೆ, ಖಮ್ಮಂ ಕಡೆಯ ಒಬ್ಬರು ನಡೆಸ್ತಾರೆ. ಹಿಟ್ಟು ತಾವೇ ನಾದ್ತಾರೆ. ಆಫೀಸಿನಿಂದ ಬರುವಾಗ ನಾಲ್ಕೈದು ಸಲ ನಿಂತು ತಿಂದಿದ್ದೆ, ನಿಜಕ್ಕೂ ಚೆನ್ನಾಗಿತ್ತು. ಆ ಭರವಸೆಯಲ್ಲಿ 7:10ಕ್ಕೆ ಆಪ್‌ನಲ್ಲಿ ಒಂಬತ್ತು ಮೀಡಿಯಂ ಪಿಜ್ಜಾ ಆರ್ಡರ್ ಹಾಕಿದೆ. ಆಪ್ ತೋರಿಸಿದ್ದು 45 ನಿಮಿಷ.

ಎಂಟು ಗಂಟೆಯಾಯ್ತು, ಇಲ್ಲ. ಕೇಕ್ ಕತ್ತರಿಸಿ ಆಯ್ತು, ಚಿಪ್ಸ್ ಖಾಲಿಯಾಯ್ತು, ಎರಡು ಮಕ್ಕಳು ಅಳೋಕೆ ಶುರು ಮಾಡಿದ್ವು. 8:15ಕ್ಕೆ ಹೆಂಡತಿ ನನ್ನ ಮುಖವನ್ನೂ ನೋಡದೆ ಫೋನ್ ತಗೊಂಡು ಚೈನ್‌ಗೆ ಆರ್ಡರ್ ಹಾಕಿದಳು. ಎರಡೂ ಆರ್ಡರ್ 8:40ಕ್ಕೆ ಒಂದೇ ಲಿಫ್ಟ್‌ನಲ್ಲಿ ಬಂದ್ವು. ಗಲ್ಲಿಯ ಪಿಜ್ಜಾ ಬೆವತು ಮೆತ್ತಗಾಗಿತ್ತು. ಆ ರಾತ್ರಿ ಸಿಟ್ಟಿನಲ್ಲಿ ಆ ಅಂಗಡಿಗೆ ಒಂದು ಸ್ಟಾರ್ ಒತ್ತಿ ಮಲಗಿದೆ.

ಮಾರನೇ ದಿನ ಜಗಳ ಆಡೋಕೆ ಅಂತಲೇ ಹೋದೆ. ಅವರು ವಾದ ಮಾಡಲಿಲ್ಲ. ಒಳಗೆ ಕರೆದು ತೋರಿಸಿದರು. "ಓವೆನ್ ಒಕ್ಕಟೇ ಉಂದಿ ಸಾರ್." ಇರೋದೇ ಒಂದು ಓವನ್, ಅದರಲ್ಲಿ ಸಲಕ್ಕೆ ನಾಲ್ಕು ಪಿಜ್ಜಾ. ನಾನು ಎಂಟೆಕ್ ಮಾಡುವಾಗ ಒಂದು ಇಡೀ ಸೆಮಿಸ್ಟರ್ ಕ್ಯೂಯಿಂಗ್ ಥಿಯರಿ ಓದಿದವನು. ಆ ಓವನ್ ಮುಂದೆ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕಿದ ಮೇಲೆ ಸಿಟ್ಟು ಇಳೀತು, ನಾಚಿಕೆ ಶುರುವಾಯ್ತು.

ಲೆಕ್ಕ ಹೀಗಿದೆ. ಅದು ಡೆಕ್ ಓವನ್, ಅಂದ್ರೆ ಕೆಳಗೆ ಕಲ್ಲು ಇರೋ, ಮುಂದೆ ಬಾಗಿಲು ಇರೋ ಪೆಟ್ಟಿಗೆ. ಬೇಯೋಕೆ ಏಳು ನಿಮಿಷ. ಆದರೆ ಬಾಗಿಲು ತೆಗೆದಾಗೆಲ್ಲ ಬಿಸಿ ಹೊರಗೆ ಹೋಗುತ್ತೆ, ತಣ್ಣನೆಯ ಹಿಟ್ಟು ಬಿದ್ದಾಗ ಕಲ್ಲೂ ತಣ್ಣಗಾಗುತ್ತೆ. ದೋಸೆ ಕಾವಲಿ ಮೇಲೆ ಬಿಡುವಿಲ್ಲದೆ ಹುಯ್ದರೆ ನಾಲ್ಕನೇ ದೋಸೆ ಬಿಳಚಿಕೊಳ್ಳುತ್ತಲ್ಲ, ಹಾಗೇ ಇದೂ. ಮತ್ತೆ ಬಿಸಿಯೇರೋಕೆ ಎರಡು ಮೂರು ನಿಮಿಷ ಕೊಡಬೇಕು. ಒಟ್ಟು ಹತ್ತು ನಿಮಿಷಕ್ಕೆ ನಾಲ್ಕು, ಗಂಟೆಗೆ 24. ಶನಿವಾರ 7:10ಕ್ಕೆ ಅವರ ಹತ್ತಿರ ಆಗಲೇ ಹನ್ನೆರಡು ಪಿಜ್ಜಾ ಸಾಲಿನಲ್ಲಿದ್ವು. ನನ್ನ ಒಂಬತ್ತು ಸೇರಿ 21. ಲಿಟಲ್ಸ್ ಲಾ ನೆನಪಿದೆಯಾ? ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದು: ಸಾಲಿನಲ್ಲಿ ಇರೋ ಸಂಖ್ಯೆಯನ್ನ ಗಂಟೆಗೆ ಹೊರಬೀಳೋ ಸಂಖ್ಯೆಯಿಂದ ಭಾಗಿಸಿದರೆ ಕಾಯೋ ಸಮಯ ಸಿಗುತ್ತೆ. 21 ಭಾಗಿಸು 24, ಅಂದ್ರೆ ಸುಮಾರು 52 ನಿಮಿಷ. ಇದು ಬರೀ ಬೇಯೋಕೆ. ಕತ್ತರಿಸಿ, ಡಬ್ಬಕ್ಕೆ ಹಾಕಿ, ಡೆಲಿವರಿ ಹುಡುಗ ಸಿಕ್ಕಿ, ನಮ್ಮ ಗೇಟಿನಲ್ಲಿ ಸೆಕ್ಯುರಿಟಿಯವರ ಹತ್ತಿರ ಎಂಟ್ರಿ ಬರೆಸಿ ಮೇಲೆ ಬರೋಹೊತ್ತಿಗೆ ಒಂದೂವರೆ ಗಂಟೆ. ಆಪ್‌ಗೆ ಆ ಓವನ್ ಎಷ್ಟು ದೊಡ್ಡದು ಅಂತ ಗೊತ್ತಿಲ್ಲ. ಅದು 45 ನಿಮಿಷ ಅಂತ ತೋರಿಸ್ತು, ನಾನು ನಂಬಿದೆ, ಬೈಸಿಕೊಂಡಿದ್ದು ಅವರು.

ಈಗ ಚೈನ್‌ನ ಅಡುಗೆಮನೆಗೆ ಹೋಗೋಣ. ಅಲ್ಲಿ ಓವನ್‌ಗೆ ಬಾಗಿಲೇ ಇಲ್ಲ. ಕನ್ವೇಯರ್ ಬೆಲ್ಟ್. ಒಂದು ಕಡೆ ಹಸಿ ಪಿಜ್ಜಾ ಇಟ್ಟರೆ, ಮೇಲಿಂದಲೂ ಕೆಳಗಿಂದಲೂ ಜೋರಾಗಿ ಬಿಸಿಗಾಳಿ ಹೊಡೆಸಿಕೊಂಡು, ಆರೇಳು ನಿಮಿಷಕ್ಕೆ ಇನ್ನೊಂದು ಕಡೆ ಬೆಂದು ಬರುತ್ತೆ. ಉಷ್ಣತೆ ಸುಮಾರು 250 ಡಿಗ್ರಿ ಸೆಲ್ಸಿಯಸ್. ಬೆಲ್ಟ್ ಮೇಲೆ ಒಂದು ಸಲಕ್ಕೆ ಹತ್ತು ಹಿಡಿಯುತ್ತೆ ಅಂದುಕೊಳ್ಳಿ, ಏಳು ನಿಮಿಷಕ್ಕೆ ಹತ್ತು ಅಂದ್ರೆ ಗಂಟೆಗೆ 85. ಒಂದರ ಮೇಲೊಂದು ಎರಡು ಬೆಲ್ಟ್ ಇದ್ದರೆ 170. ನನ್ನ ಒಂಬತ್ತು ಪಿಜ್ಜಾ ಅಲ್ಲಿ ಲೆಕ್ಕಕ್ಕೇ ಇಲ್ಲ. ಇನ್ನೊಂದು ಮುಖ್ಯವಾದ ವಿಷಯ ಅಂದ್ರೆ, ನಿನ್ನೆ ಕೆಲಸಕ್ಕೆ ಸೇರಿದ ಹುಡುಗನೂ ಅದನ್ನ ಸುಡೋಕಾಗಲ್ಲ. ಎಷ್ಟು ಹೊತ್ತು ಬೇಯಬೇಕು ಅಂತ ಬೆಲ್ಟ್‌ನ ವೇಗವೇ ತೀರ್ಮಾನ ಮಾಡುತ್ತೆ.

ಹಿಟ್ಟಿನ ಕಥೆಯೂ ಅಷ್ಟೇ. ಭಾರತದಲ್ಲಿ ಡಾಮಿನೋಸ್ ನಡೆಸೋದು ಜುಬಿಲೆಂಟ್ ಫುಡ್‌ವರ್ಕ್ಸ್. ಅವರ ಅಂಗಡಿಯಲ್ಲಿ ಮೈದಾ ಚೀಲ ಬಿಚ್ಚಿ ನಾದಲ್ಲ. ದೊಡ್ಡ ಕೇಂದ್ರ ಅಡುಗೆಮನೆಗಳಲ್ಲಿ ಹಿಟ್ಟಿನ ಉಂಡೆ ಮಾಡಿ, ಟ್ರೇಗಳಲ್ಲಿಟ್ಟು, ಶೀತಲ ಲಾರಿಗಳಲ್ಲಿ ಅಂಗಡಿಗಳಿಗೆ ಕಳಿಸ್ತಾರೆ. ಪಿಜ್ಜಾ ಹಿಟ್ಟು ತಣ್ಣಗೆ ನಿಧಾನವಾಗಿ ಹುದುಗಿದಷ್ಟೂ ಒಳ್ಳೇದು, ಒಂದರಿಂದ ಮೂರು ದಿನ. ಯೀಸ್ಟ್ ನಿಧಾನವಾಗಿ ಕೆಲಸ ಮಾಡುತ್ತೆ, ರುಚಿ ಕಟ್ಟುತ್ತೆ, ಹಿಟ್ಟು ಎಳೆದರೆ ಹರಿಯದೆ ಹಿಗ್ಗುತ್ತೆ. ನಮ್ಮ ಮನೆಗಳಲ್ಲಿ ದೋಸೆ ಹಿಟ್ಟಿಗೆ ಗೊತ್ತಿರೋ ವಿಷಯವೇ ಇದು, ಚಳಿಗಾಲದ ಹಿಟ್ಟಿಗೂ ಏಪ್ರಿಲ್ ಹಿಟ್ಟಿಗೂ ಎಷ್ಟು ವ್ಯತ್ಯಾಸ ಅಂತ ಅಮ್ಮನನ್ನ ಕೇಳಿ. ಹೈದರಾಬಾದಿನ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಗಲ್ಲಿ ಅಂಗಡಿಯವರ ಹತ್ತಿರ ಇರೋದು ಒಂದು ಫ್ರಿಜ್ ಮಾತ್ರ. ತುಂಬಾ ಹೊತ್ತು ಕರೆಂಟ್ ಹೋದರೆ ಆ ದಿನದ ಹಿಟ್ಟು ಹುಳಿಯಾಗಿ ಕುಸಿಯಬಹುದು. ಚೈನ್‌ನವರಿಗೆ ಬ್ಯಾಕಪ್ ಮೇಲೆ ಬ್ಯಾಕಪ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇವರದ್ದು ಒಂದೇ ಸರ್ವರ್, ಅವರದ್ದು ಕ್ಲಸ್ಟರ್.

ಹಾಗಾದ್ರೆ ಚೈನ್ ಏನನ್ನ ಮಾರ್ತಿದೆ? ಪಿಜ್ಜಾಗಿಂತ ಹೆಚ್ಚಾಗಿ ಅದು ಮಾರೋದು ಖಾತ್ರಿಯನ್ನ. ಕೆಪಿಎಚ್‌ಬಿಯಲ್ಲಿ ತಿಂದದ್ದೂ ಕಲಬುರಗಿಯಲ್ಲಿ ತಿಂದದ್ದೂ ಒಂದೇ ಥರ ಇರುತ್ತೆ. ಹತ್ತಕ್ಕೆ ಏಳು ಅಂಕ, ಪ್ರತಿ ಸಲ ಏಳು. ಗಲ್ಲಿ ಅಂಗಡಿ ಒಂದು ದಿನ ಒಂಬತ್ತು, ಒಂದು ದಿನ ನಾಲ್ಕು. ಹದಿನಾರು ಮಕ್ಕಳು ಹಸಿದು ಕೂತಿರುವಾಗ ನಿಮಗೆ ಬೇಕಿರೋದು ಸರಾಸರಿ ಅಲ್ಲ, ನಾಲ್ಕು ಬರಬಾರದು ಅಷ್ಟೇ. ಪ್ರೊಡಕ್ಷನ್‌ನಲ್ಲಿ ಪಿ99 ನೋಡೋ ನಾನು ಮನೆಯಲ್ಲಿ ಸರಾಸರಿ ನಂಬಿಕೊಂಡು ಕೂತೆ. ಹೆಂಡತಿಗೆ ಈ ಪದಗಳು ಯಾವುದೂ ಬೇಕಾಗಲಿಲ್ಲ, ಒಂದೇ ವಾಕ್ಯದಲ್ಲಿ ಸರಿಯಾಗಿ ಹೇಳಿದ್ದಳು.

ಸ್ವಲ್ಪ ಹಿಂದಕ್ಕೆ ಹೋಗಿ ಒಂದು ಮಾತು. ಈ ಚೈನ್ ಮತ್ತು ಲೋಕಲ್ ಜಗಳ ನಮ್ಮವರಿಗೆ ಹೊಸದೇನಲ್ಲ. 1996ರ ಜನವರಿಯಲ್ಲಿ ಎಂ. ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಬೆಂಗಳೂರಿನ ಬ್ರಿಗೇಡ್ ರಸ್ತೆಯ ಕೆಎಫ್‌ಸಿ ಮೇಲೆ ನುಗ್ಗಿದ್ದು ನಿಮ್ಮ ಅಪ್ಪಂದಿರಿಗೆ ನೆನಪಿರುತ್ತೆ. ಅದೇ ವರ್ಷ ಡಾಮಿನೋಸ್ ದೆಹಲಿಯಲ್ಲಿ, ಪಿಜ್ಜಾ ಹಟ್ ಬೆಂಗಳೂರಿನಲ್ಲಿ ಭಾರತದ ತಮ್ಮ ಮೊದಲ ಅಂಗಡಿಗಳನ್ನ ತೆಗೆದ್ವು. ಆದರೆ ನನ್ನಂಥ ಹಾಸನದ ಹುಡುಗನಿಗೆ ಮೊದಲ ಪಿಜ್ಜಾ ಸಿಕ್ಕಿದ್ದು ಅಯ್ಯಂಗಾರ್ ಬೇಕರಿಯಲ್ಲಿ. ಬನ್ನಿನಂಥ ದಪ್ಪ ಬೇಸ್, ಮೇಲೆ ಈರುಳ್ಳಿ, ಕ್ಯಾಪ್ಸಿಕಂ, ತುರಿದ ಕ್ಯಾರೆಟ್, ಸಿಹಿ ಸಾಸ್, ಚೀಸ್ ಇದ್ದರೆ ಪುಣ್ಯ. ಇಟಲಿಯವರು ನೋಡಿದರೆ ಪೊಲೀಸರನ್ನ ಕರೀತಾರೆ. ನನಗೆ ಈಗಲೂ ಇಷ್ಟ.

"ಲೋಕಲ್ ಅಂದ್ರೆ ಅಸಲಿ" ಅಂತ ನಂಬೋರಿಗೆ ಅಸಲಿಯ ಲೆಕ್ಕವನ್ನೂ ಹೇಳಿಬಿಡ್ತೀನಿ. ನೇಪಲ್ಸ್‌ನಲ್ಲಿ 1984ರಲ್ಲಿ ಪಿಜ್ಜಾ ಮಾಡೋರ ಒಂದು ಸಂಘ ಶುರುವಾಯ್ತು. ಅವರ ನಿಯಮದ ಪ್ರಕಾರ ಕಟ್ಟಿಗೆ ಓವನ್ 430 ಡಿಗ್ರಿಗಿಂತ ಮೇಲಿರಬೇಕು, ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೇಯಬೇಕು. ಆ ಕಲೆಯನ್ನ 2017ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು. ನಮ್ಮ ಗಲ್ಲಿಯ ಕರೆಂಟ್ ಓವನ್ ಆ ಬಿಸಿಯ ಹತ್ತಿರಕ್ಕೂ ಹೋಗಲ್ಲ. ಜೂಬ್ಲಿ ಹಿಲ್ಸ್, ಗಚ್ಚಿಬೌಲಿ ಕಡೆ ಕಟ್ಟಿಗೆ ಓವನ್ ಇಟ್ಟ ಅಂಗಡಿಗಳಿವೆ, ಬೆಲೆಯೂ ಅದಕ್ಕೆ ತಕ್ಕ ಹಾಗೇ ಇದೆ. ನಾನು ಹೇಳ್ತಿರೋದು ಅವುಗಳ ಬಗ್ಗೆ ಅಲ್ಲ, ಕೂಕಟ್‌ಪಲ್ಲಿ, ನಿಜಾಂಪೇಟ್, ಪ್ರಗತಿ ನಗರದಲ್ಲಿ ಹಾಸ್ಟೆಲ್‌ಗಳ ಎದುರು ಒಂದೇ ಷಟರ್‌ನಲ್ಲಿ ನಡೆಯೋ ಅಂಗಡಿಗಳ ಬಗ್ಗೆ.

ಇವುಗಳಲ್ಲೂ ಎರಡು ಜಾತಿ. ಕೆಲವರು ಬೇಕರಿಯಿಂದ ರೆಡಿ ಬೇಸ್ ಪ್ಯಾಕೆಟ್ ತಂದು ಮೇಲೆ ತರಕಾರಿ ಉದುರಿಸಿ ಬಿಸಿ ಮಾಡಿ ಕೊಡ್ತಾರೆ. ಅದಕ್ಕೆ ಹಣ ಕೊಡೋದಕ್ಕಿಂತ ಮನೆಯ ತವಾ ಮೇಲೆ ನೀವೇ ಮಾಡಿಕೊಳ್ಳಬಹುದು. ಇನ್ನು ಕೆಲವರು ಹಿಟ್ಟು ತಾವೇ ನಾದ್ತಾರೆ. "ಹಿಟ್ಟು ಇಲ್ಲೇ ಮಾಡ್ತೀರಾ, ಯಾವಾಗ ಮಾಡಿದ್ದು?" ಅಂತ ಕೇಳಿ. ಮಾಡೋರು ಖುಷಿಯಿಂದ ಫ್ರಿಜ್ ತೆಗೆದೇ ತೋರಿಸ್ತಾರೆ.

ಚೀಸ್ ಬಗ್ಗೆಯೂ ಕೇಳಿ. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಹಾಕಿ ಮಾಡಿದ್ದನ್ನ ನಮ್ಮ ಆಹಾರ ಕಾನೂನಿನ ಪ್ರಕಾರ ಚೀಸ್ ಅಂತ ಮಾರೋ ಹಾಗಿಲ್ಲ, ಅದು ಅನಲಾಗ್. ಪ್ಯಾಕೆಟ್ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ. 2022ರಲ್ಲಿ ಹರಿಯಾಣದ ಜಿಎಸ್‌ಟಿ ಮೇಲ್ಮನವಿ ಪ್ರಾಧಿಕಾರದ ಮುಂದೆ ಇದೇ ಪ್ರಶ್ನೆ ಬಂದಿತ್ತು: ಒಂದು ಪಿಜ್ಜಾ ಟಾಪಿಂಗ್‌ನಲ್ಲಿ ಸಸ್ಯಜನ್ಯ ಕೊಬ್ಬು ಗಣನೀಯವಾಗಿ ಇತ್ತು, ಅದು ಪಿಜ್ಜಾನೂ ಅಲ್ಲ ಚೀಸೂ ಅಲ್ಲ, ಶೇ. 18 ತೆರಿಗೆ ಕಟ್ಟಿ ಅಂದ್ರು. ಅಂದ್ರೆ "ಮೊಜರೆಲಾ" ಅಂತ ಬೋರ್ಡ್ ಮೇಲೆ ಬರೆದದ್ದೆಲ್ಲ ಮೊಜರೆಲಾ ಆಗಿರಬೇಕಿಲ್ಲ. ನಮ್ಮ ಗಲ್ಲಿಯವರು ನಿಜವಾದ ಮೊಜರೆಲಾನೇ ಹಾಕ್ತಾರೆ, ಖಾಲಿ ಪ್ಯಾಕೆಟ್ ತೋರಿಸಿದರು. ಅದಕ್ಕೇ ಅವರಿಗೆ ಲಾಭ ಕಡಿಮೆ.

ಲಾಭದ ವಿಷಯ ಬಂತಲ್ಲ, ನನಗೆ ತುಂಬಾ ಕಾಡಿದ್ದು ಇದೇ. ಸಣ್ಣ ಅಂಗಡಿಗಳಿಂದ ಆಪ್‌ಗಳು ತಗೊಳ್ಳೋ ಕಮಿಷನ್ ಒಬ್ಬೊಬ್ಬರಿಗೆ ಒಂದೊಂದು ಥರ. ಸುಮ್ಮನೆ ಶೇ. 25 ಅಂತ ಹಿಡಿಯೋಣ. ಪಿಜ್ಜಾದ ಬೆಲೆ 300 ರೂಪಾಯಿ, ಅದರಲ್ಲಿ ಮೈದಾ, ಚೀಸ್, ತರಕಾರಿ, ಡಬ್ಬ ಎಲ್ಲ ಸೇರಿ 105 ರೂಪಾಯಿ ಅಂತ ಇಟ್ಟುಕೊಳ್ಳಿ. ಆಪ್‌ಗೆ 75 ಹೋದರೆ ಕೈಗೆ 225, ಸಾಮಗ್ರಿ ಕಳೆದರೆ 120. ಬಾಡಿಗೆ, ಕರೆಂಟ್, ಇಬ್ಬರು ಹುಡುಗರ ಸಂಬಳ ಎಲ್ಲ ಇದರಲ್ಲೇ. ಈಗ ಆಪ್‌ನಲ್ಲಿ ಮೇಲೆ ಕಾಣಿಸಬೇಕು ಅಂತ ಅಂಗಡಿಯವರೇ ಶೇ. 20 ಡಿಸ್ಕೌಂಟ್ ಕೊಟ್ಟರು. ಬೆಲೆ 240, ಕಮಿಷನ್ 60, ಉಳಿದದ್ದು 180, ಸಾಮಗ್ರಿ ಕಳೆದು 75.

ಅದೇ ಪಿಜ್ಜಾವನ್ನ ನೀವು ಫೋನ್ ಮಾಡಿ ಹೇಳಿ, ನಡೆದುಕೊಂಡು ಹೋಗಿ ತಂದರೆ? ಅವರು ನಿಮಗೆ 240ಕ್ಕೇ ಕೊಟ್ಟರೂ ಅವರ ಕೈಯಲ್ಲಿ 135 ಉಳಿಯುತ್ತೆ. ನಿಮಗೆ ಅರವತ್ತು ರೂಪಾಯಿ ಉಳಿತಾಯ, ಆಪ್‌ನಲ್ಲಿ ಪೂರ್ತಿ ಬೆಲೆಗೆ ಮಾರಿದ್ದಕ್ಕಿಂತ ಅವರಿಗೆ ಹದಿನೈದು ರೂಪಾಯಿ ಜಾಸ್ತಿ. ದೊಡ್ಡ ಚೈನ್‌ಗಳಲ್ಲಿ ಕೆಲವಕ್ಕೆ ತಮ್ಮದೇ ಆಪ್ ಇದೆ, ತಮ್ಮದೇ ಡೆಲಿವರಿ ಹುಡುಗರಿದ್ದಾರೆ, ಆದ್ದರಿಂದ ಈ ಹೊಡೆತ ಅವರಿಗೆ ಇಷ್ಟು ಜೋರಾಗಿ ಬೀಳಲ್ಲ. ರೆಸ್ಟೋರೆಂಟ್ ಮಾಲೀಕರ ಸಂಘದ ದೂರಿನ ಮೇಲೆ ಸ್ಪರ್ಧಾ ಆಯೋಗ 2022ರ ಏಪ್ರಿಲ್‌ನಲ್ಲಿ ಜೊಮ್ಯಾಟೊ, ಸ್ವಿಗ್ಗಿ ಮೇಲೆ ತನಿಖೆಗೆ ಆದೇಶ ಮಾಡಿದ್ದನ್ನ ನೀವು ಓದಿರಬಹುದು. ಅದು ಅದರ ಪಾಡಿಗೆ ನಡೀಲಿ. ನಮ್ಮ ಕೈಯಲ್ಲಿ ಇರೋದು ಫೋನ್.

ಇನ್ನು ನನ್ನ ಒಂದು ಸ್ಟಾರ್. ಆ ಅಂಗಡಿಗೆ ಅಷ್ಟು ಹೊತ್ತಿಗೆ ಇದ್ದದ್ದು 40 ರೇಟಿಂಗ್, ಸರಾಸರಿ 4.3. ಅಂದ್ರೆ ಒಟ್ಟು 172. ನನ್ನ ಒಂದನ್ನ ಸೇರಿಸಿ 41ರಿಂದ ಭಾಗಿಸಿದರೆ 4.22. ಆಪ್‌ನಲ್ಲಿ 4.2 ಅಂತ ಕಾಣುತ್ತೆ. ಇದೇ ಒಂದು ಸ್ಟಾರ್ ಅನ್ನ ನಾಲ್ಕು ಸಾವಿರ ರೇಟಿಂಗ್ ಇರೋ ಚೈನ್ ಅಂಗಡಿಗೆ ಕೊಟ್ಟಿದ್ದರೆ 4.3 ಹಾಗೇ ಇರ್ತಿತ್ತು, ಮೂರನೇ ದಶಮಾಂಶದಲ್ಲಿ ಮಾತ್ರ ಅಲುಗಾಟ. ನಾವೇ ಆಪ್‌ನಲ್ಲಿ ಹುಡುಕುವಾಗ ರೇಟಿಂಗ್ ನೋಡಿ ತಾನೇ ಕೆಳಗೆ ಸರಿಸೋದು? ಸಿಟ್ಟಿನಲ್ಲಿ ಹೆಬ್ಬೆರಳಿನಿಂದ ಒತ್ತಿದ್ದು ಒಂದು ಸೆಕೆಂಡ್. "ಏನೂ ಪರವಾಗಿಲ್ಲ ಸಾರ್" ಅಂದ್ರು ಅವರು. ಪರವಾಗಿತ್ತು ಅಂತ ಅವರ ಮುಖ ಹೇಳ್ತಿತ್ತು.

ಡಬ್ಬದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ಸರಿಯಾಗಲ್ಲ. ಬಿಸಿ ಪಿಜ್ಜಾ ಮುಚ್ಚಿದ ಡಬ್ಬದಲ್ಲಿ ಆವಿ ಬಿಡುತ್ತೆ, ಆ ಆವಿಯೇ ಮೇಲಿನ ರಟ್ಟಿಗೆ ಬಡಿದು ತಿರುಗಿ ಪಿಜ್ಜಾ ಮೇಲೆ ಬೀಳುತ್ತೆ. ತೆಳು, ಗರಿ ಇರೋ ಪಿಜ್ಜಾಗೆ ಇದು ದೊಡ್ಡ ಶತ್ರು. ಚೈನ್‌ನವರ ಪಿಜ್ಜಾ ಮೊದಲಿಂದಲೂ ಮನೆಗೆ ತಲುಪಿಸೋಕೆ ಅಂತಲೇ ವಿನ್ಯಾಸ ಮಾಡಿದ್ದು: ದಪ್ಪ ಬ್ರೆಡ್, ನೀರಿನ ಅಂಶ ಕಡಿಮೆ ಇರೋ ಚೀಸ್. ಪ್ಯಾನ್ ಪಿಜ್ಜಾ ಅಂತೂ ಎಣ್ಣೆ ಸವರಿದ ತಟ್ಟೆಯಲ್ಲಿ ಬೇಯೋದ್ರಿಂದ ತಳ ಕರಿದ ಹಾಗೆ ಗಟ್ಟಿಯಾಗುತ್ತೆ, ಅರ್ಧ ಗಂಟೆ ತಡೆಯುತ್ತೆ. ಹಸಿ ಮೊಜರೆಲಾ ಹಾಕಿದ ತೆಳು ಪಿಜ್ಜಾಗೆ ಹತ್ತು ನಿಮಿಷವೇ ಆಯಸ್ಸು. ಮಧ್ಯದಲ್ಲಿ ಇರುತ್ತಲ್ಲ ಮೂರು ಕಾಲಿನ ಬಿಳಿ ಪ್ಲಾಸ್ಟಿಕ್ ಸ್ಟೂಲು, ಮಕ್ಕಳು ಗೊಂಬೆ ಟೇಬಲ್ ಅಂತ ಎತ್ತಿಟ್ಟುಕೊಳ್ಳೋದು, ಅದಕ್ಕೆ ನ್ಯೂಯಾರ್ಕ್‌ನ ಕಾರ್ಮೆಲಾ ವಿಟಾಲೆ ಅನ್ನೋರಿಗೆ 1985ರಲ್ಲಿ ಪೇಟೆಂಟ್ ಸಿಕ್ಕಿತ್ತು. ಡಬ್ಬದ ಮುಚ್ಚಳ ಕುಸಿದು ಚೀಸ್‌ಗೆ ಅಂಟಬಾರದು ಅಂತ ಅದು, ಆವಿಗೆ ಅದರಿಂದ ಏನೂ ಪ್ರಯೋಜನ ಇಲ್ಲ.

ವೇಗದ ಹುಚ್ಚಿನ ಬಗ್ಗೆಯೂ ಹೇಳಬೇಕು. ಅರ್ಧ ಗಂಟೆಯ ಗ್ಯಾರಂಟಿಯನ್ನ ಡಾಮಿನೋಸ್ ಅಮೆರಿಕದಲ್ಲಿ 1993ರಲ್ಲೇ ಕೈಬಿಟ್ಟಿತು, ಅಪಘಾತಗಳ ಮೇಲೆ ಕೋರ್ಟ್ ಕೇಸುಗಳಾದ ಮೇಲೆ. ಸಂಜೆ ಏಳಕ್ಕೆ ಜೆಎನ್‌ಟಿಯು ಜಂಕ್ಷನ್ ದಾಟಿದವರಿಗೆ ಅದರ ಕಾರಣ ವಿವರಿಸಬೇಕಾಗಿಲ್ಲ. ಮೆಟ್ರೋ ಕಂಬಗಳ ಸಂದಿಯಲ್ಲಿ ಡೆಲಿವರಿ ಹುಡುಗರು ಹೇಗೆ ನುಗ್ತಾರೆ ನೋಡಿದ್ದೀರಲ್ಲ. ಹತ್ತು ನಿಮಿಷ ತಡವಾದರೆ ಇರಲಿ ಬಿಡಿ.

ಸೈಜಿನ ಲೆಕ್ಕ ಬೇಗ ಹೇಳಿಬಿಡ್ತೀನಿ, ಇದು ಎರಡೂ ಕಡೆಗೆ ಅನ್ವಯಿಸುತ್ತೆ. 7 ಇಂಚಿನ ಪಿಜ್ಜಾ 38 ಚದರ ಇಂಚು, 10 ಇಂಚಿನದು 78. ಅಂದ್ರೆ ಮೀಡಿಯಂ ಒಂದು ಸ್ಮಾಲ್ ಎರಡಕ್ಕೆ ಸಮ. 13 ಇಂಚಿನದು 132. ಸುತ್ತ ಅರ್ಧ ಇಂಚು ಅಂಚು ಬಿಟ್ಟರೆ ಸ್ಮಾಲ್‌ನಲ್ಲಿ ಟಾಪಿಂಗ್ ಇರೋದು ಶೇ. 73 ಜಾಗದಲ್ಲಿ, ಲಾರ್ಜ್‌ನಲ್ಲಿ ಶೇ. 85. "ಎರಡು ರೆಗ್ಯುಲರ್ ಕಾಂಬೊ" ನೋಡಿದಾಗ ಮೀಡಿಯಂ ಬೆಲೆಯನ್ನೂ ಒಮ್ಮೆ ನೋಡಿ. ಗಲ್ಲಿ ಅಂಗಡಿಯಲ್ಲಿ "ಮೀಡಿಯಂ" ಅಂದ್ರೆ ಎಷ್ಟು ಇಂಚು ಅಂತ ಬಾಯಿಬಿಟ್ಟು ಕೇಳಿ, ಒಬ್ಬರಿಗೆ ಎಂಟು, ಒಬ್ಬರಿಗೆ ಹತ್ತು.

ಈಗ ನಾನು ಏನು ಮಾಡ್ತೀನಿ ಅಂದ್ರೆ, ಜನ ಜಾಸ್ತಿ ಇದ್ದು ಹಿಂದಿನ ದಿನ ಹೇಳೋಕೆ ಆಗದಿದ್ರೆ, ಅಥವಾ ರಾತ್ರಿ ಹನ್ನೊಂದಕ್ಕೆ ರಿಲೀಸ್ ಮುಗಿಸಿ ಹಸಿದು ಕೂತಿದ್ರೆ, ಚೈನ್. ಯಾವ ಪಾಪಪ್ರಜ್ಞೆಯೂ ಬೇಡ. ನಾನು, ಹೆಂಡತಿ, ಮಗಳು ಮೂವರೇ ಇದ್ದು ವಾರದ ಮಧ್ಯದ ಸಂಜೆ ಆಗಿದ್ರೆ ಗಲ್ಲಿ ಅಂಗಡಿಗೆ ನಡೆದು ಹೋಗಿ, ಅಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಓವನ್‌ನಿಂದ ಇಳಿದ ತಕ್ಷಣ ತಿನ್ನೋದು. ಆ ಪಿಜ್ಜಾವನ್ನ ಅವರು ಮಾಡಿದ್ದೇ ಹಾಗೆ ತಿನ್ನಲಿ ಅಂತ. ಆಪ್‌ನಲ್ಲಿ ಅವರಿಂದ ತರಿಸೋದನ್ನ ಪೂರ್ತಿ ಬಿಟ್ಟಿದ್ದೀನಿ.

ಈ ವರ್ಷದ ಹುಟ್ಟುಹಬ್ಬಕ್ಕೆ ಮೂರು ದಿನ ಮುಂಚೆ ಹೋಗಿ ಹೇಳಿದೆ. ಅವರು ಒಂದು ಕಾಗದದ ಮೇಲೆ ಬರೆದುಕೊಂಡರು: ಗುರುವಾರ ರಾತ್ರಿ ಹಿಟ್ಟು, ಶನಿವಾರ 6:30ಕ್ಕೆ ಮೂರು, 6:50ಕ್ಕೆ ಮೂರು, 7:10ಕ್ಕೆ ಮೂರು. ಅವರ ಹುಡುಗನೇ ಸ್ಕೂಟರ್‌ನಲ್ಲಿ ಮೂರು ಸಲ ಬಂದ, ಮೂರು ಸಲವೂ ಪಿಜ್ಜಾ ಬಿಸಿ. ಹೆಂಡತಿ ಮಾತ್ರ ಕೊನೆಯ ಮೂರು ಬರೋವರೆಗೂ ಚೈನ್‌ನ ಆಪ್ ತೆರೆದಿಟ್ಟುಕೊಂಡೇ ಕೂತಿದ್ದಳು.

ನಿಮ್ಮ ಗಲ್ಲಿಯಲ್ಲೂ ಇಂಥ ಒಂದು ಅಂಗಡಿ ಇದ್ದೇ ಇರುತ್ತೆ, ನಂಬರ್ ಇಸ್ಕೊಂಡು ಇಟ್ಟುಕೊಳ್ಳಿ. ನಮ್ಮವರಿಗಾದ್ರೆ ಏಳು ಗಂಟೆಯ ಒಳಗೆ ಫೋನ್ ಮಾಡಬೇಕು, ಆಮೇಲೆ ಕೈಯೆಲ್ಲ ಹಿಟ್ಟಾಗಿರುತ್ತೆ, ಎತ್ತಲ್ಲ. ಮಂಗಳವಾರ ರಜೆ.